ಟ್ಯಾಪೆಟ್ ಸದ್ದು

ನಮ್ಮ ಅಡುಗೆಮನೆಯ ಮೂರನೆಯ ಡ್ರಾಯರಿನಲ್ಲಿ ಸೌಟು ಹುಡುಕಲು ಹೊರಟವರಿಗೆ ಮೊದಲು ಕೈಗೆ ಸಿಗುವುದು ಫ್ಯಾನ್ ಬೆಲ್ಟು. ಅದನ್ನು ಪಕ್ಕಕ್ಕೆ ಸರಿಸಿದರೆ ಡೀಸೆಲ್ ಫಿಲ್ಟರು, ಅದರಡಿ ಪಂಪ್‌ಸೆಟ್ಟಿನ ವಾಷರುಗಳು, ಸ್ಪ್ರೇಯರಿನ ಮೂತಿ, ಆಮೇಲೆ ಎಲ್ಲೋ ತಳದಲ್ಲಿ ಸೌಟು. ಕಳೆದ ವಾರ ಊಟಕ್ಕೆ ಬಂದಿದ್ದ ನನ್ನ ನಾದಿನಿ ಬೆಲ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅತ್ತಿಗೆ, ಇದು ಅಡುಗೆಗೆ ಹಾಕೋದಾ?" ಎಂದು ಕೇಳಿದಳು. ನಾನು, "ಇಲ್ಲಮ್ಮ, ಗಾಡಿಗೆ ಹಾಕೋದು. ಸಾರು ಬಡಿಸು" ಎಂದೆ. ಅವಳು ಬಡಿಸಿದಳು. ಆದರೆ ಸಾರನ್ನು ಮೊದಲು ಮೂಸಿ ನೋಡಿದಳು.

ಗಾಡಿ ಎಂದರೆ ಕಾರೆಂದುಕೊಳ್ಳಬೇಡಿ. ನಮ್ಮದು ಹಳೆಯ ಡೀಸೆಲ್ ಪಿಕಪ್ಪು. ಮುಂದೆ ಇಬ್ಬರು ಕೂರಬಹುದು, ಮೂರನೆಯವರು ಉಸಿರು ಬಿಗಿಹಿಡಿದು ಕೂರಬಹುದು. ಹಿಂದೆ ಗೊಬ್ಬರದ ಮೂಟೆ, ಪೈಪು, ಸೊಪ್ಪು, ಒಮ್ಮೆ ಒಂದು ಕರುವೂ ಪ್ರಯಾಣ ಮಾಡಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವಳು. ನಿವೃತ್ತಿಯಾದ ಮೇಲೆ ನಾವಿಬ್ಬರೂ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿ ಎರಡು ಎಕರೆ ತೆಗೆದುಕೊಂಡೆವು. ವಾರದಲ್ಲಿ ಮೂರೋ ನಾಲ್ಕೋ ದಿನ ಅಲ್ಲಿ, ಉಳಿದ ದಿನ ಪದ್ಮನಾಭನಗರದ ಮನೆಯಲ್ಲಿ. ಜನ ನಮ್ಮನ್ನು ರೈತರು ಎನ್ನುತ್ತಾರೆ, ರೈತರು ನಮ್ಮನ್ನು ಬೆಂಗಳೂರಿನವರು ಎನ್ನುತ್ತಾರೆ. ಎರಡೂ ಕಡೆ ಮರ್ಯಾದೆ ಅಷ್ಟಕ್ಕಷ್ಟೇ.

ಗಾಡಿ ಓಡಿಸುವವಳು ನಾನು. ನಮ್ಮವರು ಪಕ್ಕದಲ್ಲಿ ಕೂತು ಹಾರ್ನ್ ಯಾವಾಗ ಹೊಡೆಯಬೇಕು ಎಂದು ಹೇಳುತ್ತಾರೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಕೈಯಲ್ಲಿ ಉಳಿದದ್ದನ್ನು ತಂದು ಬಾನೆಟ್ಟಿಗೆ ಮೂರು ಗೆರೆ ಎಳೆಯುವುದು ಅವರ ಸರ್ವಿಸಿಂಗು. ತೋಟದಲ್ಲಿ ಪಂಪ್‌ಸೆಟ್ಟಿಗೂ ಅದೇ, ಜನರೇಟರಿಗೂ ಅದೇ, ಕಳೆ ಕತ್ತರಿಸುವ ಮಿಷನ್ನಿಗೂ ಅದೇ. ಅವರಿಗೆ ಯಂತ್ರಗಳ ಬಗ್ಗೆ ಭಕ್ತಿಯಿದೆ, ತಿಳಿವಳಿಕೆಯಿಲ್ಲ.

ಆ ಕಳೆ ಮಿಷನ್ನಿನ ಕತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ಅದಕ್ಕೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕಬೇಕು. ನಾನು ಊರಲ್ಲಿಲ್ಲದ ದಿನ ಫೋನಿನಲ್ಲಿ, "ಎಣ್ಣೆ ಬೆರೆಸೋದು ಮರೀಬೇಡಿ" ಎಂದಿದ್ದೆ. ಅವರು ಮರೆಯಲಿಲ್ಲ. ತೋಟದ ಮನೆಯ ಅಡುಗೆ ಕಟ್ಟೆಯ ಮೇಲಿದ್ದ ಕಡಲೆಕಾಯಿ ಎಣ್ಣೆಯನ್ನು ಅಳತೆ ಮಾಡಿ ಬೆರೆಸಿದರು. ಮಿಷನ್ನು ಚಾಲೂ ಆಯಿತಂತೆ, ಸುಮಾರು ದೂರ ಕಳೆಯನ್ನೂ ಕತ್ತರಿಸಿತಂತೆ. ಪಕ್ಕದ ಜಮೀನಿನವರು ಬೇಲಿಯ ಹತ್ತಿರ ಬಂದು, "ಸಾರ್, ಏನ್ ವಿಶೇಷ, ಬೋಂಡ ಕರೀತಿದೀರಾ?" ಎಂದು ಕೇಳಿದಾಗಲೇ ಇವರಿಗೆ ಅನುಮಾನ ಬಂದದ್ದು. ಸಂಜೆ ನನಗೆ ಫೋನ್ ಮಾಡಿ, "ಎಣ್ಣೆ ಅಂದ್ರೆ ಯಾವ ಎಣ್ಣೆ ಅಂತ ನೀನು ಹೇಳ್ಲಿಲ್ಲ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಸೂಚನೆಗಳನ್ನು ಸ್ಪಷ್ಟವಾಗಿ ಬರೆಯಿರಿ ಎಂದು ಹೇಳಿದವಳು ನಾನು.

ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಈ ಪಿಕಪ್ಪಿಗೆ ಬೇರೆ ಗೌರವವಿದೆ. ನಾನು ಗೇಟಿನ ಮುಂದೆ ನಿಲ್ಲಿಸಿದರೆ ಹೊಸದಾಗಿ ಬಾಡಿಗೆಗೆ ಬಂದ ಯಾರಾದರೂ ಮೇಲಿನ ಮಹಡಿಯಿಂದ ಬಗ್ಗಿ, "ಅಕ್ಕಾ, ಈರುಳ್ಳಿ ಹೆಂಗೆ?" ಎಂದು ಕೂಗುತ್ತಾರೆ. ಮೊದಮೊದಲು ಅವಮಾನವಾಗುತ್ತಿತ್ತು. ಈಗ, "ಈರುಳ್ಳಿ ಇಲ್ಲ, ಸೀಮೆಬದನೆ ಇದೆ, ಬನ್ನಿ" ಎನ್ನುತ್ತೇನೆ. ಹಾಗೆ ಕರೆದು ಕೊಟ್ಟಿದ್ದರಿಂದಲೇ ನನಗೆ ಬೀದಿಯ ಅರ್ಧ ಜನ ಪರಿಚಯ.

ಇಷ್ಟೆಲ್ಲ ನಡೆಯುತ್ತಿದ್ದುದು ಮುನಿರಾಜಣ್ಣನವರಿಂದ. ಸಾರಕ್ಕಿ ಸಿಗ್ನಲ್ಲಿನ ಗಲಾಟೆ ದಾಟಿ, ಮಾರ್ಕೆಟ್ಟಿನ ಹಿಂದಿನ ಬೀದಿಗೆ ತಿರುಗಿದರೆ ತಗಡಿನ ಸೂರಿನ ಅವರ ಗ್ಯಾರೇಜು. ಅವರು ಹಳೇ ಸಾರಕ್ಕಿಯವರೇ. ಅವರಪ್ಪ ಕೆರೆಯ ಪಕ್ಕದಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಇವರು ಸುತ್ತಲಿನ ತೋಟಗಳ ಪಂಪ್‌ಸೆಟ್ಟು ರಿಪೇರಿ ಮಾಡುತ್ತ ಕೆಲಸ ಕಲಿತವರು. ತೋಟಗಳೆಲ್ಲ ಸೈಟುಗಳಾದವು, ಸೈಟುಗಳ ಮೇಲೆ ಮನೆಗಳೆದ್ದವು. ಆ ಮನೆಗಳಲ್ಲಿ ಇದ್ದು ಬೇಸರವಾದ ನಮ್ಮಂಥವರು ನಲವತ್ತು ಕಿಲೋಮೀಟರ್ ಆಚೆ ಜಮೀನು ಕೊಂಡು, ಕೆಟ್ಟ ಪಂಪ್‌ಸೆಟ್ಟುಗಳನ್ನು ಹೊತ್ತು ಮತ್ತೆ ಅವರ ಬಾಗಿಲಿಗೇ ಬಂದೆವು. "ನಮ್ ಜಮೀನಲ್ಲಿ ನೀವು ಮನೆ ಕಟ್ಕಂಡ್ರಿ, ಇನ್ಯಾರದೋ ಜಮೀನಲ್ಲಿ ಬದನೆಕಾಯಿ ಹಾಕ್ತಿದೀರಿ. ಮೊದ್ಲೇ ಹೇಳಿದ್ರೆ ಇಲ್ಲೇ ಹಾಕ್ಬೋದಿತ್ತಲ್ಲ ಮೇಡಂ" ಎಂದು ಅವರು ನಗುತ್ತಿದ್ದರು.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಇಂಜಿನ್ ಚಾಲೂ ಮಾಡಿಸಿ ಮೊದಲು, "ಸದ್ದು!" ಎಂದು ಗದರುತ್ತಿದ್ದರು. ಪಕ್ಕದ ಟೀ ಅಂಗಡಿಯ ಅಕ್ಕ ಶುಂಠಿ ಜಜ್ಜುವುದನ್ನು ನಿಲ್ಲಿಸುತ್ತಿದ್ದಳು. ರೇಡಿಯೋ ಬಾಯಿ ಮುಚ್ಚುತ್ತಿತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಅರ್ಧ ನಿಮಿಷ ನಿಲ್ಲುತ್ತಿದ್ದರು. ಆಮೇಲೆ ತೀರ್ಪು. ಸದ್ದು ಮೇಲಿನದಾದರೆ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟು ಸಡಿಲವಾಗಿದೆ ಎಂದರ್ಥ. ಇಂಜಿನ್ ತಲೆಯ ಮೇಲಿನ ಮುಚ್ಚಳ ತೆಗೆದು ಅರ್ಧ ಗಂಟೆಯಲ್ಲಿ ಸರಿಮಾಡಬಹುದು. ಕೆಳಗಿನದಾದರೆ ಬೇರಿಂಗು, ಆಯಿಲ್ ಇಳಿಸಿ ಇಡೀ ಇಂಜಿನ್ನಿನ ಹೊಟ್ಟೆ ಬಿಚ್ಚಬೇಕು, ವಾರದ ಕೆಲಸ. ಕೆಲಸ ಮುಗಿದ ಮೇಲೆ ಬಿಗಿಮಾಡಿದ ಒಂದೊಂದು ಬೋಲ್ಟಿನ ಮೇಲೂ ಹಳದಿ ಪೇಂಟಿನಲ್ಲಿ ಸಣ್ಣ ಗೆರೆ ಎಳೆಯುತ್ತಿದ್ದರು. ಅರ್ಧ ಗೆರೆ ಬೋಲ್ಟಿನ ಮೇಲೆ, ಅರ್ಧ ಗೆರೆ ಇಂಜಿನ್ನಿನ ಮೇಲೆ. ಬೇರೆ ಯಾರಾದರೂ ಬೋಲ್ಟು ತಿರುಗಿಸಿದರೆ ಗೆರೆ ಮುರಿದು ಗುಟ್ಟು ಬಯಲಾಗುತ್ತದೆ.

ಅವರು ಹಾಗೆ ಕಣ್ಣು ಮುಚ್ಚಿ ನಿಂತಾಗಲೆಲ್ಲ ನನಗೆ ನನ್ನಪ್ಪನ ನೆನಪಾಗುತ್ತಿತ್ತು. ಅರಸೀಕೆರೆಯ ಹತ್ತಿರದ ನಮ್ಮೂರಲ್ಲಿ ಅಪ್ಪನ ಹಿಟ್ಟಿನ ಗಿರಣಿ ಇತ್ತು, ಡೀಸೆಲ್ ಇಂಜಿನ್ನಿನದು. ಗಿರಣಿಯ ಹಿಂದೆಯೇ ಮನೆ. ಟುಕ್ ಟುಕ್ ಟುಕ್ ಎಂಬ ಆ ಲಯಕ್ಕೆ ನಾನು ಮಗ್ಗಿ ಬಾಯಿಪಾಠ ಮಾಡಿದವಳು. ಇಂಜಿನ್ ನಿಂತರೆ ನನ್ನ ಮಗ್ಗಿಯೂ ನಿಲ್ಲುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಇಂಜಿನ್ ಇಲ್ಲದೆ ಹದಿಮೂರರ ಮಗ್ಗಿ ನೆನಪಾಗದೆ ಒದ್ದಾಡಿದ್ದೇನೆ. ಅಪ್ಪ ಊಟಕ್ಕೆ ಕೂತಾಗ ಹುಬ್ಬಿನ ಮೇಲೆ ರಾಗಿ ಹಿಟ್ಟು ಹಾಗೇ ಇರುತ್ತಿತ್ತು. ಮುದ್ದೆಯ ತುತ್ತು ಬಾಯಿಯ ಹತ್ತಿರ ಹೋದದ್ದು ತಟ್ಟನೆ ನಿಂತುಬಿಡುತ್ತಿತ್ತು. "ಬೆಲ್ಟು ಜಾರ್ತೈತೆ" ಎಂದು ಎದ್ದು ಓಡುತ್ತಿದ್ದರು. ನಮಗೆ ಯಾರಿಗೂ ಏನೂ ಕೇಳಿರುತ್ತಿರಲಿಲ್ಲ. ಕ್ರಮೇಣ ನನಗೂ ಕೇಳಿಸತೊಡಗಿತು. ಅಪ್ಪ ಏಳುವ ಮುಂಚೆಯೇ ನಾನು, "ಅಪ್ಪಾ, ಬೆಲ್ಟು" ಎಂದ ದಿನ ಅವರು ನನ್ನ ತಲೆ ಸವರಿದರು. ಕೂದಲ ತುಂಬ ಹಿಟ್ಟಾಯಿತು. ಅಮ್ಮ ಬೈದಳು. ನನಗೆ ಮಾತ್ರ ಆ ದಿನ ತುಂಬ ಖುಷಿಯಾಗಿತ್ತು.

ಹೋದ ವರ್ಷ ನಮ್ಮ ಪಿಕಪ್ಪಿನಲ್ಲಿ ಟಕ ಟಕ ಎಂಬ ಸದ್ದು ಶುರುವಾಯಿತು. ಮುನಿರಾಜಣ್ಣನವರ ಹತ್ತಿರ ಹೋದೆ. ಅವರು ಸ್ಕ್ರೂಡ್ರೈವರ್ ಕಿವಿಗಿಟ್ಟು, "ಏನಿಲ್ಲ ಮೇಡಂ, ಫಸ್ಟ್ ಕ್ಲಾಸಾಗೈತೆ, ಓಡ್ಸಿ" ಎಂದರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಮತ್ತದೇ ಮಾತು. ಟೀ ಅಂಗಡಿಯ ಅಕ್ಕ ಆ ದಿನ ಶುಂಠಿಯನ್ನು ಒಂದೇ ಸಮ ಜಜ್ಜುತ್ತಿದ್ದಳು, ರೇಡಿಯೋ ಹಾಡುತ್ತಿತ್ತು, ಮುನಿರಾಜಣ್ಣ ಯಾರನ್ನೂ ಗದರಲಿಲ್ಲ. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ವಯಸ್ಸಾಯಿತು, ಕೆಲಸದಲ್ಲಿ ಆಸಕ್ತಿ ಹೋಯಿತು, ನಮ್ಮ ಗಾಡಿ ಎಂದರೆ ಅಸಡ್ಡೆ ಎಂದುಕೊಂಡೆ. ಕೋಪವೂ ಬಂತು.

ಕೋಪದಲ್ಲೇ ಜೆ.ಪಿ. ನಗರದ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಅಲ್ಲಿ ಕೂರಲು ಎ.ಸಿ. ಕೋಣೆ, ಕುಡಿಯಲು ಕಾಫಿ. ಮೆಕ್ಯಾನಿಕ್ಕಿನ ಕೈಯಲ್ಲಿ ಬಿಳಿಯ ಗವಸು. ಆತ ಅರ್ಧ ಗಂಟೆಯಲ್ಲಿ ಟ್ಯಾಪೆಟ್ ಸರಿಮಾಡಿಕೊಟ್ಟು, "ಮೇಡಂ, ಈ ಗಾಡೀನ ಇನ್ನೂ ಎಷ್ಟ್ ದಿನ ಇಟ್ಕೋತೀರಾ?" ಎಂದು ಅನುಕಂಪದಿಂದ ಕೇಳಿದ. ಮನೆಯ ಹಿರಿಯರ ಬಗ್ಗೆ ಕೇಳಿದ ಹಾಗಿತ್ತು. ಸದ್ದು ಹೋಗಿತ್ತು, ಆದರೆ ನಾನು ಕದ್ದು ಎಲ್ಲಿಗೋ ಹೋಗಿಬಂದವಳಂತೆ ಸಾರಕ್ಕಿ ಸಿಗ್ನಲ್ ತಪ್ಪಿಸಿ ಸುತ್ತಿಬಳಸಿ ಮನೆಗೆ ಬಂದೆ.

ತಪ್ಪಿಸಿದ್ದು ಎಷ್ಟು ದಿನ? ತಿಂಗಳೊಳಗೆ ಕ್ಲಚ್ ಕೈಕೊಟ್ಟಿತು. ಅಂಥ ಕೆಲಸಕ್ಕೆ ಮುನಿರಾಜಣ್ಣನೇ ಬೇಕು. ಅವರು ಬಾನೆಟ್ ಎತ್ತಿದರು. ಇಂಜಿನ್ ತಲೆಯ ಮುಚ್ಚಳದ ಬೋಲ್ಟುಗಳನ್ನು ನೋಡಿದರು. ಹಳದಿ ಗೆರೆಗಳೆಲ್ಲ ಮುರಿದಿದ್ದವು. ಹೆಬ್ಬೆರಳಿನಿಂದ ಒಂದೊಂದನ್ನೇ ಸವರಿ, "ಯಾರ್ ಬಿಚ್ಚಿದ್ದು ಮೇಡಂ?" ಎಂದರು.

"ನಮ್ಮವರು ಬಿಚ್ಚಿದ್ರು" ಎಂದುಬಿಟ್ಟೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಪಕ್ಕದ ಮನೆಯವರನ್ನು ಕರೆಯುವ ಮನುಷ್ಯ ಗಾಡಿಯೊಳಗೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಮುನಿರಾಜಣ್ಣ ಅವರ ಕಡೆ ತಿರುಗಿದರು. "ಸಾರ್ ಬಿಚ್ಚಿದ್ರಾ?" ನಮ್ಮವರು ನನ್ನ ಮುಖ ನೋಡಿ, ಸಂಸಾರ ಧರ್ಮವನ್ನು ನೆನೆದು, "ಹೂಂ, ಸ್ವಲ್ಪ" ಎಂದರು. ಸ್ವಲ್ಪ ಬಿಚ್ಚುವುದು ಹೇಗೋ ಆ ಶಿವನಿಗೇ ಗೊತ್ತು.

ಮುನಿರಾಜಣ್ಣ ಹೆಬ್ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಗಾಡಿಯ ಕೆಳಗೆ ತೂರಿದರು. ಕ್ಲಚ್ ಕೆಲಸ ಮುಗಿಸಿದರು. ನಾನು ಗಾಡಿ ಹೊರಡಿಸುವಾಗ ಕಿಟಕಿಯ ಹತ್ತಿರ ಬಂದು, ಬಾಗಿಲ ಮೇಲೆ ಕೈಯಿಟ್ಟು ನಿಂತರು.

"ಮೇಡಂ, ಆ ಸದ್ದು ನಿಜವಾಗ್ಲೂ ಇತ್ತಾ?"

"ಇತ್ತು ಮುನಿರಾಜಣ್ಣ."

"ಜೋರಾಗಿತ್ತಾ?"

ಆಗ ನಾನು ಇಂಜಿನ್ ಆರಿಸಿದೆ. "ಜೋರಾಗೇ ಇತ್ತು."

ಅವರು ಬೀದಿಯ ಆಚೀಚೆ ನೋಡಿ ದನಿ ತಗ್ಗಿಸಿದರು. "ನನಗೆ ಕೇಳಿಸ್ಲಿಲ್ಲ ಮೇಡಂ. ಎರಡು ವರ್ಷ ಆಯ್ತು. ಬಲಗಿವಿ ಪೂರಾ ಹೋಗೈತೆ, ಎಡಗಿವಿ ಅರ್ಧ. ಮಾತಾದ್ರೆ ಬಾಯಿ ನೋಡಿ ತಿಳ್ಕತೀನಿ. ಇಂಜಿನ್‌ಗೆ ಬಾಯಿ ಎಲ್ಲೈತೆ?" ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು ತೋರಿಸಿದರು. ಒಳಗೆ ಕಿವಿಯ ಮಿಷನ್ನು. "ಮಗಳು ಕೊಡ್ಸಿದ್ದು. ಇದ್ ಹಾಕ್ಕಂಡ್ರೆ ಬಸ್ಸು, ಹಾರ್ನು, ಟೀ ಅಂಗ್ಡಿ ಎಲ್ಲಾ ಒಟ್ಟಿಗೇ ಬಂದು ಕಿವಿಗೆ ಹೊಡೀತದೆ. ಒಳಗಿನ ಸಣ್ಣ ಸದ್ದು ಸಿಕ್ಕಲ್ಲ. ಅವ್ಳು ಗ್ಯಾರೇಜ್ ಮುಚ್ಚು ಅಂತಾಳೆ. ಮನೇಲಿ ಕೂತ್ರೆ ಫ್ಯಾನ್ ನೋಡ್ಕಂಡು ಕೂರ್ಬೇಕು. ಅದ್ರ ಸದ್ದೂ ಕೇಳಲ್ಲ." ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಅವರು ಹೇಳಿದರು: "ಗಿರಾಕಿಗಳಿಗೆ ಗೊತ್ತಾದ್ರೆ ನಾಳೆಯಿಂದ ಯಾರೂ ಬರಲ್ಲ ಮೇಡಂ. ಯಾರ್ಗೂ ಹೇಳ್ಬೇಡಿ."

ನನಗೆ ಬಹಳ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಲ್ಲ, ಅವರನ್ನು ಅಸಡ್ಡೆಯವರು ಎಂದುಕೊಂಡದ್ದಕ್ಕೆ. ಎರಡು ವರ್ಷದಿಂದ ಆ ಮನುಷ್ಯ ಕಣ್ಣು ಮುಚ್ಚಿ, ಏನೂ ಕೇಳದ ಕಡೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಆ ಅರ್ಧ ನಿಮಿಷ ಅವರೊಳಗೆ ಏನಾಗುತ್ತಿತ್ತೋ ಎಂದು ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ. ವರ್ಕ್‌ಶಾಪಿಗೆ ಹೋಗಿದ್ದನ್ನು ಒಪ್ಪಿಕೊಂಡೆ. ಅಪ್ಪನ ಗಿರಣಿಯ ಕತೆ ಹೇಳಿದೆ. "ಸೋಮವಾರ, ಗುರುವಾರ ಬೆಳಿಗ್ಗೆ ಹೇಗೂ ಈ ಕಡೆ ಬರ್ತೀನಿ. ನಾನು ಕೇಳ್ತೀನಿ, ನೀವು ಕೆಲಸ ಮಾಡಿ" ಎಂದೆ.

ಅವರು, "ಮೊದ್ಲು ನಿಮ್ಮನ್ನ ಟೆಸ್ಟ್ ಮಾಡ್ಬೇಕಲ್ಲ" ಎಂದರು. ಮಾಡಿಯೇ ಮಾಡಿದರು. ನಿಂತಿದ್ದ ಎರಡು ಇಂಜಿನ್ನುಗಳಲ್ಲಿ ತಾವೇ ತೊಂದರೆ ಮಾಡಿಟ್ಟು, ನನಗೆ ಸ್ಕ್ರೂಡ್ರೈವರ್ ಕೊಟ್ಟರು. ನಿವೃತ್ತಿಯಾದ ಮೇಲೆ ಬರೆದ ಆ ಒಂದು ಪರೀಕ್ಷೆಯಲ್ಲಿ ನಾನು ಪಾಸಾದೆ.

ಆದರೆ ಗಿರಾಕಿಗಳ ಎದುರು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಆದ್ದರಿಂದ ಸಂಜ್ಞೆಗಳಾದವು. ನಾನು ಟೀ ಗ್ಲಾಸು ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂರುವುದು, ಅವರು ಸ್ಕ್ರೂಡ್ರೈವರ್ ಕಿವಿಗಿಟ್ಟು ಓರೆಗಣ್ಣಿನಲ್ಲಿ ನನ್ನನ್ನು ನೋಡುವುದು. ಸದ್ದು ಮೇಲಿನದಾದರೆ ಕನ್ನಡಕ ಸರಿಮಾಡಿಕೊಳ್ಳಬೇಕು. ಕೆಳಗಿನದಾದರೆ ಕೆಮ್ಮಬೇಕು. ತೊಂದರೆ ಇಲ್ಲದಿದ್ದರೆ ಸುಮ್ಮನೆ ಟೀ ಕುಡಿಯುವುದು. ಪರೀಕ್ಷೆಯ ಕೋಣೆಗಳಲ್ಲಿ ಹೀಗೆ ಕೆಮ್ಮುವ ಮಕ್ಕಳನ್ನು ಎಬ್ಬಿಸಿ ಹೊರಗೆ ಕಳಿಸಿದವಳು ನಾನೇ. ಈಗ ಸಾರಕ್ಕಿಯ ಗ್ಯಾರೇಜಿನಲ್ಲಿ ಕೂತು ಕಾಪಿ ಹೊಡೆಸುತ್ತಿದ್ದೆ. ನಮ್ಮವರು, "ನಿನ್ನ ಪಿಂಚಣಿ ನಿಲ್ಲಿಸ್ತಾರೆ ನೋಡು" ಎಂದು ರೇಗಿಸುತ್ತಿದ್ದರು.

ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಮುನಿರಾಜಣ್ಣನವರ ಬೆನ್ನು ನೆಟ್ಟಗಾಯಿತು. ಮತ್ತೆ "ಸದ್ದು!" ಎಂದು ಗದರಲು ಶುರುಮಾಡಿದರು. ಟೀ ಅಂಗಡಿಯ ಅಕ್ಕ ಮತ್ತೆ ಶುಂಠಿ ಜಜ್ಜುವುದನ್ನು ನಿಲ್ಲಿಸತೊಡಗಿದಳು. ಆ ನಿಶ್ಶಬ್ದ ಈಗ ನನಗಾಗಿ ಎಂದು ನಮ್ಮಿಬ್ಬರಿಗೆ, ನಮ್ಮವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನೂ ಸ್ವಲ್ಪ ಕೊಬ್ಬಿದ್ದೆ ಎನ್ನಿ. ಬೀದಿಯಲ್ಲಿ ಹೋಗುವ ಆಟೋಗಳ ಸದ್ದು ಕೇಳಿ, "ಇವನದು ಹೋಗ್ತಾ ಬಂತು" ಎಂದು ತಲೆಯಾಡಿಸುವ ಮಟ್ಟಕ್ಕೆ ಬಂದಿದ್ದೆ.

ಒಂದು ಗುರುವಾರ ಬಸವರಾಜ ಎಂಬವರು ಲಗೇಜ್ ಆಟೋದಲ್ಲಿ ಪಂಪ್‌ಸೆಟ್ಟಿನ ಇಂಜಿನ್ ಹಾಕಿಕೊಂಡು ಬಂದರು. ಹುಬ್ಬಳ್ಳಿ ಕಡೆಯವರು. ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗೆ ಇದ್ದು ಅಲ್ಲೇ ಆಫೀಸಿಗೆ ಹೋಗುವವರು. ಆನೇಕಲ್ ಕಡೆ ಗೆಳೆಯರ ಜೊತೆ ಸೇರಿ ಒಂದು ಎಕರೆ ಗುತ್ತಿಗೆಗೆ ಹಿಡಿದು ತರಕಾರಿ ಹಾಕಿದ್ದರು. "ಅಣ್ಣಾರ, ಮೂರು ದಿನ ಆತ್ರಿ, ಕಟಕಟ ಸಪ್ಪಳ ಮಾಡಾಕತ್ತೈತಿ. ಬದನಿ ಸಸಿ ಬಾಡಾಕತ್ತಾವ. ಹೆಂಗರ ಮಾಡಿ ಇವತ್ತ ಸಂಜಿಕ ಕೊಡ್ರಿ" ಎಂದರು. ಸಸಿಗಳ ಮಾತಾಡುವಾಗ ಅವರ ಮುಖವೇ ಬಾಡಿತ್ತು.

ಬಸವರಾಜ ಅವರೇ ಹ್ಯಾಂಡಲ್ ತಿರುಗಿಸಿ ಇಂಜಿನ್ ಚಾಲೂ ಮಾಡಿದರು. "ಸದ್ದು!" ಎಂದರು ಮುನಿರಾಜಣ್ಣ. ಬೀದಿ ಸುಮ್ಮನಾಯಿತು. ಸ್ಕ್ರೂಡ್ರೈವರ್ ಕಿವಿಗೆ ಹೋಯಿತು. ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಮೇಲಿನದು, ಟ್ಯಾಪೆಟ್ಟೇ. ಕನ್ನಡಕಕ್ಕೆ ಕೈ ಎತ್ತಬೇಕು ಎನ್ನುವಷ್ಟರಲ್ಲಿ ಇಂಜಿನ್ ಒಂದು ದೊಡ್ಡ ಕಪ್ಪು ಹೊಗೆಯನ್ನು ನೇರ ನನ್ನ ಮುಖಕ್ಕೆ ಬಿಟ್ಟಿತು. ಡೀಸೆಲ್ ಗ್ಯಾರೇಜಿನಲ್ಲಿ ಕೆಮ್ಮನ್ನು ಸಂಜ್ಞೆಯಾಗಿ ಇಟ್ಟುಕೊಂಡ ಬುದ್ಧಿವಂತರು ನಾವು! ಕೆಮ್ಮಿದೆ, ಮತ್ತೂ ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ಮುನಿರಾಜಣ್ಣ ಇಂಜಿನ್ ನಿಲ್ಲಿಸಿ, "ಕೆಳಗಿಂದು ಸಾರ್, ಬೇರಿಂಗು. ಪೂರ್ತಿ ಬಿಚ್ಬೇಕು, ವಾರ ಆಗ್ತದೆ" ಎಂದು ಹೇಳಿಬಿಟ್ಟಿದ್ದರು. ಆಯಿಲ್ ಇಳಿಸಲು ತಟ್ಟೆಯಿಟ್ಟು ಸ್ಪ್ಯಾನರ್ ಹಾಕಿದ್ದರು.

ಬಸವರಾಜ ಅವರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ನಾನು ಕನ್ನಡಕ ಸರಿಮಾಡಿಕೊಂಡೆ. ಮುನಿರಾಜಣ್ಣ ನೋಡಲಿಲ್ಲ. ಮತ್ತೆ ಸರಿಮಾಡಿಕೊಂಡೆ. ತೆಗೆದು, ಒರೆಸಿ, ಹಾಕಿಕೊಂಡೆ. ಕೊನೆಗೆ ಟೀ ಗ್ಲಾಸನ್ನು ಸ್ಟೂಲಿನ ಮೇಲೆ ಕುಕ್ಕಿ ಎದ್ದು ನಿಂತೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು.

ಅವರು ಸುಮ್ಮನೆ ಇನ್ನೊಂದು ಸಲ ಕೇಳುವ ನೆಪ ಮಾಡಬಹುದಿತ್ತು. ನಾನು ಅದನ್ನೇ ಕಾಯುತ್ತಿದ್ದೆ. ಆದರೆ ಅವರು ಸ್ಪ್ಯಾನರನ್ನು ನೆಲಕ್ಕಿಟ್ಟು, ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಕೂತಿದ್ದ ಬಸವರಾಜ ಅವರ ಕಡೆ ತಿರುಗಿದರು.

"ಸಾರ್, ಒಂದ್ ಮಾತು. ನನಗೆ ಕಿವಿ ಕೇಳಲ್ಲ. ಕೈ ನಂದು, ಕಿವಿ ಈ ಮೇಡಂದು. ಅವ್ರು ಸದ್ದು ಕೇಳಿ ಕೆಮ್ಮಿದ್ರೋ, ಹೊಗೆಗೆ ಕೆಮ್ಮಿದ್ರೋ ಗೊತ್ತಾಗ್ಲಿಲ್ಲ. ನಿಮ್ ಇಂಜಿನ್ನ ಸುಮ್ಸುಮ್ನೆ ಬಿಚ್ಚಕ್ಕೆ ನನ್ ಕೈಲಾಗಲ್ಲ." ಆಮೇಲೆ ಎಲ್ಲರೆದುರೂ ನನ್ನನ್ನು ಕೇಳಿದರು: "ಎಲ್ಲಿ ಮೇಡಂ?"

"ಮೇಲ್ಗಡೆ, ಟ್ಯಾಪೆಟ್ಟು" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಟೀ ಅಂಗಡಿಯ ಅಕ್ಕ ಕುಟ್ಟಣಿ ಹಿಡಿದ ಕೈಯನ್ನು ಇಳಿಸಿರಲೇ ಇಲ್ಲ. ಬಸವರಾಜ ಅವರು ಒಮ್ಮೆ ಮುನಿರಾಜಣ್ಣನವರನ್ನು, ಒಮ್ಮೆ ನನ್ನನ್ನು ನೋಡಿದರು. ಮುನಿರಾಜಣ್ಣ ಮುಚ್ಚಳ ತೆಗೆದರು, ಟ್ಯಾಪೆಟ್ ಸರಿಮಾಡಿದರು, ಮುಚ್ಚಳ ಹಾಕಿದರು, ಹಳದಿ ಗೆರೆ ಎಳೆದರು. ಇಂಜಿನ್ ಮತ್ತೆ ಚಾಲೂ ಆಯಿತು. ಟಕಟಕ ಇರಲಿಲ್ಲ. ಬಸವರಾಜ ಅವರು ತಾವೇ ಬಗ್ಗಿ ಕಿವಿಗೊಟ್ಟು ಕೇಳಿ, ಲಗೇಜ್ ಆಟೋದವನನ್ನು ಕರೆದು ಇಂಜಿನ್ ಏರಿಸಿದರು. ಇನ್ನು ಈ ಸುದ್ದಿ ಸಂಜೆಯೊಳಗೆ ಎಲ್ಲ ಕಡೆ ಹೋಗುತ್ತದೆ, ಗ್ಯಾರೇಜು ಮುಚ್ಚಿದ ಹಾಗೆಯೇ, ಮುಚ್ಚಿಸಿದ್ದು ನನ್ನ ಕೆಮ್ಮು ಎಂದು ನನಗೆ ಅಳು ಬರುವ ಹಾಗಾಯಿತು.

ಆಟೋ ಹತ್ತುವ ಮುಂಚೆ ಬಸವರಾಜ ಅವರು ಹಿಂದೆ ತಿರುಗಿದರು. "ಅಣ್ಣಾರ, ನಮ್ಮ ದೋಸ್ತಂದು ಒಂದು ಟಿಲ್ಲರ್ ಐತ್ರಿ, ಅದೂ ಸಪ್ಪಳ ಮಾಡತೈತಿ. ಈ ಮೇಡಮ್ಮಾರು ಯಾವ್ಯಾವ ದಿವಸ ಇರ್ತಾರ್ರೀ?"

ಆಟೋದ ಸದ್ದಿನಲ್ಲಿ ಮುನಿರಾಜಣ್ಣನವರಿಗೆ ಅದು ತಿಳಿಯಲಿಲ್ಲ. ನನ್ನ ಕಡೆ ನೋಡಿ, "ಏನಂದ್ರು?" ಎಂದರು. ನಾನು ಬಾಯಿ ಅಗಲಿಸಿ, ಬೀದಿಯ ತುದಿಗೂ ಕೇಳುವ ಹಾಗೆ, ಒಂದೊಂದೇ ಪದ ಬಿಡಿಸಿ ಹೇಳಿದೆ: "ನಾನು ಯಾವ್ ಯಾವ್ ದಿನ ಇರ್ತೀನಿ ಅಂತ ಕೇಳ್ತಿದಾರೆ!"

ಅವರ ಮುಖ ಅರಳಿತು. ನನ್ನನ್ನು ಒಂದು ಮಾತೂ ಕೇಳದೆ ಬಸವರಾಜ ಅವರಿಗೆ ಕೈ ಎತ್ತಿ ಕೂಗಿದರು: "ಸೋಮವಾರ, ಗುರುವಾರ, ಶನಿವಾರ! ಹತ್ತು ಗಂಟೆಗೆಲ್ಲ ಬಂದ್ಬಿಡ್ತಾರೆ!"

ಶನಿವಾರದ ವಿಷಯ ನನಗೂ ಗೊತ್ತಾದದ್ದು ಆಗಲೇ.